ಪಟ್ಟಣಗಳ ಮಂತ್ರಿ

ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಮಂತ್ರಿಗಳನ್ನು ಮಂತ್ರಿಗಳೆಂದು ಕರೆಯುವುದಿಲ್ಲ, ಕಾರ್ಯದರ್ಶಿಗಳೆನ್ನುತ್ತಾರೆ. ಅವರು ನಮ್ಮಲ್ಲಿಯಂತೆ ಶಾಸನಸಭೆಯ ಸದಸ್ಯರೂ ಅಲ್ಲ, ಆಗಿರುವಂತೆಯೂ ಇಲ್ಲ. ಅಧ್ಯಕ್ಷರು ತಮಗೆ ಸರಿ ತೋರಿದವರ ಹೆಸರನ್ನು ಮುಂದಿಡುತ್ತಾರೆ, ಸೆನೆಟ್ ಸಭೆ ಅವರನ್ನು ಕೂರಿಸಿಕೊಂಡು ಪ್ರಶ್ನೆ ಕೇಳುತ್ತದೆ, ಒಪ್ಪಿದರೆ ಖಾತೆ ಅವರ ಕೈಸೇರುತ್ತದೆ. ಕಾರ್ಯದರ್ಶಿಯ ಕೆಳಗಿರುವ ಉಪಕಾರ್ಯದರ್ಶಿ, ಸಲಹೆಗಾರ, ವಿಶೇಷ ಸಹಾಯಕ ಎಂಬ ಪರಿವಾರವೂ ಬಹುಮಟ್ಟಿಗೆ ಹೀಗೆಯೇ ಬಂದು ಹೀಗೆಯೇ ಹೋಗುವುದು. ಅಧ್ಯಕ್ಷರು ಬದಲಾದಾಗ ಸುಮಾರು ನಾಲ್ಕು ಸಾವಿರ ಹುದ್ದೆಗಳು ಈ ರೀತಿ ಕೈ ಬದಲಾಯಿಸುತ್ತವೆ. ಇಷ್ಟೊಂದು ಹುದ್ದೆಗಳನ್ನು ಹಂಚುವ ಕೈಗೆ ಎರಡು ಪ್ರಶ್ನೆಗಳು ಸದಾ ಎದುರಾಗುತ್ತವೆ. ಇವುಗಳಲ್ಲಿ ಯಾವ ಯಾವ ಜನಕ್ಕೆ ಪಾಲು ಸಿಕ್ಕಿತು ಎಂಬುದು ಒಂದು. ಹುದ್ದೆಗೆ ಬಂದವರು ಖರ್ಚು ಮಾಡುವ ಹಣದ ಲೆಕ್ಕವನ್ನು ನೋಡುವವರು ಯಾರು ಎಂಬುದು ಇನ್ನೊಂದು. ಇವೆರಡೂ ಒಂದೇ ಖಾತೆಯಲ್ಲಿ ಮತ್ತೆ ಮತ್ತೆ ಎದುರುಬದುರಾದ ಕಥೆ ವಸತಿ ಮತ್ತು ನಗರಾಭಿವೃದ್ಧಿ ಖಾತೆಯದು.

ಕಥೆ ಆ ಖಾತೆಗಿಂತಲೂ ಹಳೆಯದು. 1933ರಲ್ಲಿ ಫ್ರಾಂಕ್ಲಿನ್ ರೂಸ್‌ವೆಲ್ಟರು ಅಧ್ಯಕ್ಷರಾದಾಗ ದೇಶ ಮಹಾ ಮುಗ್ಗಟ್ಟಿನಲ್ಲಿತ್ತು. ಸೇತುವೆ, ಶಾಲೆ, ಬಡವರ ಮನೆ ಎಂದು ಸರ್ಕಾರ ಕಾಮಗಾರಿಗಳನ್ನು ತೆಗೆದು ಕೂಲಿ ಕೊಡಲು ಹೊರಟಿತು. ಕಾಮಗಾರಿಗಳ ಹೊಣೆ ಒಳಾಡಳಿತದ ಕಾರ್ಯದರ್ಶಿ ಹೆರಾಲ್ಡ್ ಇಕಸ್ ಅವರದು. ಈ ಹಣದಲ್ಲಿ ಕಪ್ಪು ಜನಾಂಗದವರಿಗೂ ಪಾಲು ಬರುತ್ತಿದೆಯೇ ಎಂದು ನೋಡಲು ಒಬ್ಬ ಸಲಹೆಗಾರರನ್ನು ನೇಮಿಸಿದರು. ನೇಮಕಗೊಂಡವರು ಜಾರ್ಜಿಯಾ ಪ್ರಾಂತದ ಬಿಳಿಯ ತರುಣ ಕ್ಲಾರ್ಕ್ ಫೋರ್‌ಮನ್! ಕಪ್ಪು ಜನರ ಸಂಘಗಳು, ಪತ್ರಿಕೆಗಳು ಆಕ್ಷೇಪಿಸಿದವು. ಫೋರ್‌ಮನ್ ಒಳ್ಳೆಯ ಮನುಷ್ಯ. ತಮಗೊಬ್ಬ ಸಹಾಯಕನನ್ನು ಆರಿಸಿಕೊಂಡು ಸ್ವಲ್ಪ ಕಾಲದಲ್ಲೇ ಆ ಜಾಗವನ್ನು ಅವನಿಗೇ ಬಿಟ್ಟುಕೊಟ್ಟರು. ಆ ಸಹಾಯಕ ರಾಬರ್ಟ್ ವೀವರ್. 1907ರಲ್ಲಿ ವಾಷಿಂಗ್ಟನ್ ನಗರದಲ್ಲಿ ಹುಟ್ಟಿದವರು, ತಂದೆ ಅಂಚೆ ಇಲಾಖೆಯ ಗುಮಾಸ್ತೆ, ತಾಯಿಯ ತಂದೆ ಹಾರ್ವರ್ಡಿನ ದಂತವೈದ್ಯ ಶಾಲೆಯಲ್ಲಿ ತೇರ್ಗಡೆಯಾದ ಮೊದಲ ಕಪ್ಪು ಮನುಷ್ಯ. ವೀವರರೂ ಹಾರ್ವರ್ಡಿನಲ್ಲೇ ಓದಿ 1934ರಲ್ಲಿ ಅರ್ಥಶಾಸ್ತ್ರದ ಡಾಕ್ಟರೇಟ್ ಪಡೆದರು.

ವೀವರರು ಮಾಡಿದ ಮೊದಲ ದೊಡ್ಡ ಕೆಲಸ ಲೆಕ್ಕದ ಪುಸ್ತಕಕ್ಕೆ ಸಂಬಂಧಪಟ್ಟದ್ದು. ಸರ್ಕಾರದ ಗುತ್ತಿಗೆ ಪತ್ರಗಳಲ್ಲಿ ಬಣ್ಣದ ಕಾರಣದಿಂದ ಕೂಲಿಗಾರರಲ್ಲಿ ಭೇದ ಮಾಡಕೂಡದು ಎಂಬ ಒಕ್ಕಣೆ ಆಗಲೇ ಇತ್ತು. ಅದರಿಂದ ಯಾರಿಗೂ ಕೆಲಸ ಸಿಕ್ಕಿರಲಿಲ್ಲ. ಕಪ್ಪು ಗಾರೆಯವನನ್ನೋ ಬಡಗಿಯನ್ನೋ ಏಕೆ ತೆಗೆದುಕೊಳ್ಳಲಿಲ್ಲವೆಂದು ಕೇಳಿದರೆ, ಕಸುಬು ಬಲ್ಲವನು ಸಿಕ್ಕಲಿಲ್ಲ ಸ್ವಾಮಿ ಎಂದು ಗುತ್ತಿಗೆದಾರ ಕೈ ತೊಳೆದುಕೊಳ್ಳುತ್ತಿದ್ದ. ಅವನ ಮನಸ್ಸಿನಲ್ಲಿ ಭೇದವಿತ್ತೆಂದು ಸಾಬೀತು ಮಾಡುವುದು ಹೇಗೆ? ವೀವರರು ಮತ್ತು ಅವರ ಜೊತೆಗಾರರು ಮನಸ್ಸಿನ ಗೊಡವೆಯನ್ನೇ ಬಿಟ್ಟರು. 1930ರ ಜನಗಣತಿಯಲ್ಲಿ ಪ್ರತಿ ಊರಿನಲ್ಲೂ ಇಂಥ ಕಸುಬಿನವರು ಇಷ್ಟು ಜನ ಎಂಬ ಅಂಕಿಗಳಿದ್ದವು. ಅದನ್ನು ಹಿಡಿದು, ಈ ಊರಿನ ಕಾಮಗಾರಿಯಲ್ಲಿ ಕಸುಬುದಾರರ ಒಟ್ಟು ಬಟವಾಡೆಯಲ್ಲಿ ಇಷ್ಟು ಪಾಲು ಕಪ್ಪು ಕಸುಬುದಾರರಿಗೆ ಸಲ್ಲಬೇಕೆಂದು ಗುತ್ತಿಗೆಯಲ್ಲೇ ಬರೆದರು. ಸಲ್ಲದಿದ್ದರೆ ಭೇದ ನಡೆದಿದೆಯೆಂದೇ ಮೇಲ್ನೋಟಕ್ಕೆ ಭಾವಿಸತಕ್ಕದ್ದು. ಇಲ್ಲವೆಂದು ತೋರಿಸುವ ಹೊಣೆ ಗುತ್ತಿಗೆದಾರನದು. ಬಟವಾಡೆ ಪಟ್ಟಿ ತರಿಸಿ ಕೂಡಿಸಿ ನೋಡಿದರೆ ಸಂಗತಿ ತಿಳಿದುಹೋಗುತ್ತಿತ್ತು. ಗುಮಾಸ್ತೆಯ ಮಗನಿಗೆ ಹೊಳೆಯಬಹುದಾದ ಉಪಾಯ ಇದು, ಎಂದು ನನಗೆ ಅನ್ನಿಸುತ್ತದೆ. ನೀತಿಯ ಮಾತನ್ನು ಹಣದ ಅಂಕಣಕ್ಕೆ ಇಳಿಸಿದರೆ ಅದನ್ನು ಯಾವ ತನಿಖೆದಾರ ಬೇಕಾದರೂ ಪರೀಕ್ಷಿಸಬಹುದು.

ಆದರೆ ಇದೇ ಸರ್ಕಾರ ಇನ್ನೊಂದು ಕೈಯಿಂದ ಬೇರೆ ಕೆಲಸ ಮಾಡುತ್ತಿತ್ತು. 1934ರಲ್ಲಿ ಮನೆಸಾಲಗಳಿಗೆ ವಿಮೆ ಕೊಡುವ ಒಂದು ಆಡಳಿತ ಹುಟ್ಟಿತು. ಸಾಲ ಮುಳುಗಿದರೆ ಸರ್ಕಾರ ತುಂಬಿಕೊಡುವುದಾದ್ದರಿಂದ ಬ್ಯಾಂಕುಗಳು ಧೈರ್ಯವಾಗಿ ದೀರ್ಘಾವಧಿಯ ಸಾಲ ಕೊಟ್ಟವು. ಲಕ್ಷಾಂತರ ಮಧ್ಯಮ ವರ್ಗದ ಸಂಸಾರಗಳು ಪಟ್ಟಣದ ಹೊರವಲಯದಲ್ಲಿ ಸ್ವಂತ ಮನೆ ಮಾಡಿಕೊಂಡವು. ಬಿಳಿಯ ಸಂಸಾರಗಳು, ಎಂದು ಸೇರಿಸಬೇಕು. ಕಪ್ಪು ಜನ ವಾಸಿಸುವ ಅಥವಾ ನಾಳೆ ಬಂದಾರೆಂಬ ಅಂಜಿಕೆಯಿರುವ ಬೀದಿಗಳು ಸಾಲಕ್ಕೆ ಯೋಗ್ಯವಲ್ಲವೆಂದು ಆ ಆಡಳಿತದ ಕೈಪಿಡಿಯೇ ಹೇಳುತ್ತಿತ್ತು. ಬಾಡಿಗೆಯಲ್ಲಿ ಉಳಿದವರು ಉಳಿದೇ ಬಿಟ್ಟರು. ಮನೆಯಿಂದ ಕೂಡುವ ಆಸ್ತಿ ಒಂದು ತಲೆಮಾರಿಗೆ ತಪ್ಪಿದ್ದು ಮುಂದಿನ ತಲೆಮಾರಿಗೂ ತಪ್ಪಿತು. ವೀವರರು 1948ರಲ್ಲಿ ನೀಗ್ರೋ ಕೇರಿಗಳ ಮೇಲೊಂದು ಗ್ರಂಥವನ್ನೇ ಬರೆದು ಇದನ್ನು ವಿವರಿಸಿದರು.

ಮರುವರ್ಷ, 1949ರಲ್ಲಿ, ದೊಡ್ಡ ವಸತಿ ಶಾಸನವೊಂದು ಬಂತು. ನಗರಸಭೆಗಳು ಕೊಳೆಗೇರಿಗಳನ್ನು ಕೊಂಡು, ಕೆಡವಿ, ನೆಲವನ್ನು ಕಟ್ಟಡದವರಿಗೆ ಅಗ್ಗವಾಗಿ ಕೊಡಬಹುದು. ನಷ್ಟದಲ್ಲಿ ಮೂರರಲ್ಲಿ ಎರಡು ಪಾಲನ್ನು ಕೇಂದ್ರ ಸರ್ಕಾರ ಹೊರುತ್ತದೆ. ಆರು ವರ್ಷದಲ್ಲಿ 8,10,000 ಸಾರ್ವಜನಿಕ ಮನೆಗಳಿಗೂ ಅದರಲ್ಲಿ ಅನುಮತಿ ಇತ್ತು. ಕೆಡವುವುದು ಬೇಗ ಬೇಗ ನಡೆಯಿತು. ಆ ಮನೆಗಳ ಸಂಖ್ಯೆ ತುಂಬಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಕಟ್ಟಿದ್ದರಲ್ಲೂ ಕೆಲವು ಬಾಳಲಿಲ್ಲ. ಸೇಂಟ್ ಲೂಯಿ ನಗರದ ಪ್ರೂಯಿಟ್-ಐಗೋ ಎಂಬಲ್ಲಿ ಹನ್ನೊಂದು ಅಂತಸ್ತಿನ 33 ಕಟ್ಟಡಗಳನ್ನು 1950ರ ದಶಕದ ನಡುವೆ ಎಬ್ಬಿಸಿದರು. 1972ರಲ್ಲಿ ಸಿಡಿಮದ್ದಿಟ್ಟು ಉರುಳಿಸಲು ತೊಡಗಿದರು. ಕೆಡವಿದ ಕೇರಿಗಳಲ್ಲಿದ್ದವರು ಹೆಚ್ಚಾಗಿ ಕಪ್ಪು ಜನ. ನಗರದ ನವೀಕರಣವೆಂದರೆ ತಮ್ಮ ಉಚ್ಚಾಟನೆಯೆಂದು ಅವರು ಕಹಿಯಾಗಿ ಅರ್ಥ ಹೇಳಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

1961ರಲ್ಲಿ ಕೆನೆಡಿಯವರು ವೀವರರನ್ನು ಕೇಂದ್ರದ ವಸತಿ ಸಂಸ್ಥೆಯ ಮುಖ್ಯಾಧಿಕಾರಿಯನ್ನಾಗಿ ಹೆಸರಿಸಿದರು. ಮನೆಸಾಲದ ವಿಮೆ, ಸಾರ್ವಜನಿಕ ಮನೆಗಳು, ನಗರ ನವೀಕರಣ ಎಲ್ಲವೂ ಅದರ ಅಡಿಯಲ್ಲಿ. ಯಾವ ಆಡಳಿತ ತನ್ನ ಜನಕ್ಕೆ ಬಾಗಿಲು ಮುಚ್ಚಿತ್ತೋ ಅದರ ಬೀಗದ ಕೈಯೇ ಈಗ ಅವರಲ್ಲಿಗೆ ಬಂತು. ಅಲ್ಲಿಯವರೆಗೆ ಕಪ್ಪು ಜನಾಂಗದ ಯಾರೂ ಕೇಂದ್ರಾಡಳಿತದಲ್ಲಿ ಅಷ್ಟು ಎತ್ತರದ ಹುದ್ದೆಗೆ ಏರಿರಲಿಲ್ಲ. ದಕ್ಷಿಣದ ಸೆನೆಟರುಗಳು ಅವರ ದೇಶನಿಷ್ಠೆಯನ್ನೇ ಪ್ರಶ್ನಿಸಿ, ಕಡೆಗೆ ಫೆಬ್ರವರಿಯಲ್ಲಿ ನೇಮಕಕ್ಕೆ ಒಪ್ಪಿಗೆ ಬಿತ್ತು. ಹಳೆಯ ಯಂತ್ರವೇನೋ ಹೊಸ ಯಜಮಾನ ಬಂದೊಡನೆ ನಿಲ್ಲಲಿಲ್ಲ. ಕೆನೆಡಿಯವರು ಚುನಾವಣೆಯಲ್ಲಿ, ವಸತಿಯಲ್ಲಿನ ಭೇದವನ್ನು ಪೆನ್ನಿನ ಒಂದು ಗೀಟಿನಿಂದ ತೊಡೆಯಬಹುದು ಎಂದಿದ್ದರು. ತಿಂಗಳುಗಳು ಕಳೆದರೂ ಗೀಟು ಬೀಳದಿದ್ದಾಗ ಜನ ಶ್ವೇತಭವನಕ್ಕೆ ಅಂಚೆಯಲ್ಲಿ ಪೆನ್ನುಗಳನ್ನು ಕಳುಹಿಸತೊಡಗಿದರು! 1962ರ ನವೆಂಬರಿನಲ್ಲಿ ರುಜು ಬಿತ್ತು. ಮುಂದೆ ಸರ್ಕಾರದ ನೆರವಿನಿಂದ ಕಟ್ಟುವ ಮನೆಗಳಿಗೆ ಮಾತ್ರ ಆಜ್ಞೆ ಅನ್ವಯಿಸಿತು; ಆಗಲೇ ಇದ್ದ ಮನೆಗಳು ಹಾಗೆಯೇ ಉಳಿದವು.

ನಗರಗಳಿಗೆಂದೇ ಮಂತ್ರಿಮಂಡಲದಲ್ಲೊಂದು ಖಾತೆ ಬೇಕೆಂದು ಕೆನೆಡಿಯವರು ಯತ್ನಿಸಿದಾಗ, ಅದಕ್ಕೆ ವೀವರರನ್ನೇ ಕಾರ್ಯದರ್ಶಿ ಮಾಡುವುದಾಗಿಯೂ ಸಾರಿದರು. ಹಳ್ಳಿಗಾಡಿನ ಪ್ರತಿನಿಧಿಗಳಿಗೆ ನಗರಗಳ ಮೇಲೆ ಪ್ರೀತಿಯಿಲ್ಲ, ದಕ್ಷಿಣದವರಿಗೆ ವೀವರರ ಬಣ್ಣ ಹಿಡಿಸದು. 1962ರ ಫೆಬ್ರವರಿ 21ರಂದು ಪ್ರತಿನಿಧಿ ಸಭೆ 264ಕ್ಕೆ 150 ಮತಗಳಿಂದ ಆ ಯೋಜನೆಯನ್ನು ಬೀಳಿಸಿತು. ಮೂರು ವರ್ಷದ ಮೇಲೆ, ಜಾನ್ಸನ್ನರ ಕಾಲದಲ್ಲಿ, 1965ರ ಸೆಪ್ಟೆಂಬರ್ 9ರಂದು ಶಾಸನವಾಯಿತು. ಈ ಸಲ ಕಾರ್ಯದರ್ಶಿ ಯಾರೆಂದು ಜಾನ್ಸನ್ನರು ಬಾಯಿಬಿಡಲಿಲ್ಲ. ಲಾಸ್ ಏಂಜಲೀಸಿನ ವಾಟ್ಸ್ ಕೇರಿ ಅದೇ ಆಗಸ್ಟಿನಲ್ಲಿ ಹೊತ್ತಿ ಉರಿದಿತ್ತು. ವೀವರರನ್ನು ತಿಂಗಳುಗಟ್ಟಲೆ ಕಾಯಿಸಿ, 1966ರ ಜನವರಿಯಲ್ಲಿ ಅವರ ಹೆಸರನ್ನೇ ಪ್ರಕಟಿಸಿದರು. ಈ ಸಲ ಸೆನೆಟ್ ಕೆಲವೇ ದಿನಗಳಲ್ಲಿ ಒಪ್ಪಿತು. ಜನವರಿ 18ರಂದು ಅವರು ಪ್ರಮಾಣವಚನ ತೆಗೆದುಕೊಂಡರು. ಅಮೆರಿಕದ ಮಂತ್ರಿಮಂಡಲದಲ್ಲಿ ಕುಳಿತ ಮೊದಲ ಕಪ್ಪು ಮನುಷ್ಯ ಅವರು.

ಅವರ ಮೂರು ವರ್ಷಗಳಲ್ಲಿ ಮಾದರಿ ನಗರಗಳ ಯೋಜನೆ ಬಂತು, ಹಣ ಹೆಚ್ಚು ಊರುಗಳಿಗೆ ಹಂಚಿ ತೆಳುವಾಯಿತು. 1968ರ ಏಪ್ರಿಲ್ 4ರಂದು ಮಾರ್ಟಿನ್ ಲೂಥರ್ ಕಿಂಗರ ಕೊಲೆಯಾಯಿತು. ಒಂದೇ ವಾರದಲ್ಲಿ, 11ರಂದು, ಮನೆ ಮಾರುವಲ್ಲಿ ಬಾಡಿಗೆಗೆ ಕೊಡುವಲ್ಲಿ ಜನಾಂಗಭೇದವನ್ನು ನಿಷೇಧಿಸುವ ಶಾಸನಕ್ಕೆ ರುಜು ಬಿತ್ತು.

ಆ ವರ್ಷದ ಇನ್ನೊಂದು ಶಾಸನದಿಂದ ಬಡವರಿಗೂ ಮನೆ ಕೊಳ್ಳಲು ಸರ್ಕಾರಿ ವಿಮೆಯ ಸಾಲ ಸಿಕ್ಕುವಂತಾಯಿತು. ಮುಂಗಡ ಇನ್ನೂರು ಡಾಲರಿದ್ದರೆ ಸಾಕು, ಬಡ್ಡಿಯ ಬಹುಭಾಗ ಸರ್ಕಾರದ್ದು. ಇಲ್ಲಿ ನಾವು ಸ್ವಲ್ಪ ನಿಲ್ಲಬೇಕು. ಮೂವತ್ತನಾಲ್ಕು ವರ್ಷ ಮುಚ್ಚಿದ್ದ ಬಾಗಿಲು ಕಪ್ಪು ಸಂಸಾರಗಳಿಗೆ ತೆರೆಯಿತು. ಬಾಗಿಲಲ್ಲಿ ಕಾವಲು ಇರಲಿಲ್ಲ. ದಲ್ಲಾಳಿಗಳು ಮುರುಕು ಮನೆಗಳನ್ನು ಕೆಲವು ಸಾವಿರಕ್ಕೆ ಕೊಂಡು, ಸುಣ್ಣಬಣ್ಣ ಹೊಡೆಸಿ, ಬೆಲೆ ಕಟ್ಟುವ ಅಧಿಕಾರಿಯ ಕೈ ಬೆಚ್ಚಗೆ ಮಾಡಿ, ದುಪ್ಪಟ್ಟು ಬೆಲೆಗೆ ಬಡ ತಾಯಂದಿರ ಕೊರಳಿಗೆ ಕಟ್ಟಿದರು. ಮೊದಲ ಚಳಿಗಾಲದಲ್ಲೇ ಕುಲುಮೆ ಕೆಟ್ಟಿತು, ಸೂರು ಸೋರಿತು. ರಿಪೇರಿಗೆ ಹಣವಿಲ್ಲದ ಸಂಸಾರಗಳು ಮನೆ ಬಿಟ್ಟು ನಡೆದವು. ಬ್ಯಾಂಕಿಗೆ ನಷ್ಟವಿಲ್ಲ, ವಿಮೆಯಿದೆ. ದಲ್ಲಾಳಿ ಆಗಲೇ ಹಣ ಎಣಿಸಿಕೊಂಡಿದ್ದಾನೆ. ಡೆಟ್ರಾಯಿಟ್, ಫಿಲಡೆಲ್ಫಿಯಾ ಮುಂತಾದ ಊರುಗಳಲ್ಲಿ ಸರ್ಕಾರವೇ ಸಾವಿರಾರು ಹಾಳುಮನೆಗಳ ಒಡೆಯನಾಯಿತು. ದಲ್ಲಾಳಿಗಳೂ ಅಧಿಕಾರಿಗಳೂ ಜೈಲಿಗೆ ಹೋದರು. ಹಲವು ವಸತಿ ಯೋಜನೆಗಳನ್ನು 1973ರ ಜನವರಿಯಲ್ಲಿ ನಿಕ್ಸನ್ನರು ತಡೆಹಿಡಿದರು. ಮನೆ ಬಿಟ್ಟು ನಡೆದ ಆ ಸಂಸಾರಗಳ ಹೆಸರಿನಲ್ಲಿ ಮಾತ್ರ ಸಾಲ ತೀರಿಸದವರೆಂಬ ಕಳಂಕ ಉಳಿಯಿತು. ಬಟವಾಡೆ ಪಟ್ಟಿ ನೋಡುತ್ತಿದ್ದ 1934ರ ಆ ಕಣ್ಣು ಇಲ್ಲಿ ಬೇಕಿತ್ತು.

1977ರಲ್ಲಿ ಕಾರ್ಟರರು ಪೆಟ್ರೀಷಿಯಾ ಹ್ಯಾರಿಸರನ್ನು ಈ ಖಾತೆಗೆ ಹೆಸರಿಸಿದರು. ಮಂತ್ರಿಮಂಡಲಕ್ಕೆ ಬಂದ ಮೊದಲ ಕಪ್ಪು ಮಹಿಳೆ ಆಕೆ. ವಕೀಲೆ, ಹಿಂದೆ ರಾಯಭಾರಿಯಾಗಿದ್ದವರು. ಇಷ್ಟು ದೊಡ್ಡ ಸ್ಥಾನಗಳಲ್ಲಿ ಬಾಳಿದ ತಮಗೆ ಬಡವರ ಕಷ್ಟ ತಿಳಿದೀತೇ ಎಂದು ಸೆನೆಟರ್ ಪ್ರಾಕ್ಸ್‌ಮೈರ್ ಕೇಳಿದರು. ತಾವು ಯಾರೆಂದು ಅವರಿಗೆ ಗೊತ್ತಿದ್ದಂತಿಲ್ಲ, ತಾವು ರೈಲಿನ ಊಟದ ಡಬ್ಬಿಯಲ್ಲಿ ಬಡಿಸುತ್ತಿದ್ದವನ ಮಗಳು, ಎಂಟು ವರ್ಷದ ಹಿಂದೆ ಕೂಡ ಇದೇ ರಾಜಧಾನಿಯ ಕೆಲವು ಬಡಾವಣೆಗಳಲ್ಲಿ ಮನೆ ಕೊಳ್ಳಲಾಗದಿದ್ದವಳು, ಎಂಬರ್ಥದ ಉತ್ತರ ಬಂತು. ಸೆನೆಟರರ ಪ್ರಶ್ನೆ ಅನುಚಿತವಾಗಿತ್ತೆಂದು ನಾನು ಹೇಳಲಾರೆ. ಒಬ್ಬರು ಒಂದು ಜನಾಂಗದಲ್ಲಿ ಹುಟ್ಟಿದ ಮಾತ್ರಕ್ಕೆ ಆ ಜನಾಂಗದ ಬಡವರ ಪರ ನಿಲ್ಲುತ್ತಾರೆಂದೇನೂ ಇಲ್ಲ. ಆದರೆ ಬಿಳಿಯ ಶ್ರೀಮಂತರು ಬಂದು ಕುಳಿತಾಗ ಈ ಪ್ರಶ್ನೆ ಇಷ್ಟು ಸಲೀಸಾಗಿ ಯಾರ ನಾಲಗೆಗೂ ಬರುತ್ತಿರಲಿಲ್ಲವೆಂಬುದೂ ನಿಜ.

ಮರುವರ್ಷ 1978ರಲ್ಲಿ ಒಂದು ಮುಖ್ಯ ಶಾಸನವಾಯಿತು. ಹಲವು ಖಾತೆಗಳಲ್ಲಿ ಇನ್‌ಸ್ಪೆಕ್ಟರ್ ಜನರಲ್ ಎಂಬ ತನಿಖಾಧಿಕಾರಿ ಇರತಕ್ಕದ್ದು. ಅವನು ಖಾತೆಯ ಒಳಗೇ ಕುಳಿತು ಲೆಕ್ಕ ನೋಡಬೇಕು, ಆದರೆ ಕಂಡದ್ದನ್ನು ಕಾರ್ಯದರ್ಶಿಗೆ ಮಾತ್ರವಲ್ಲದೆ ಶಾಸನಸಭೆಗೂ ವರದಿ ಮಾಡಬೇಕು. ವಸತಿ ಖಾತೆಯೂ ಮೊದಲ ಪಟ್ಟಿಯಲ್ಲೇ ಇತ್ತು.

ಈ ಏರ್ಪಾಡಿನ ಸತ್ವಪರೀಕ್ಷೆ ರೇಗನ್ನರ ಕಾಲದಲ್ಲಿ ನಡೆಯಿತು. 1981ರಲ್ಲಿ ಕಾರ್ಯದರ್ಶಿಯಾಗಿ ಬಂದವರು ಸ್ಯಾಮ್ಯುಯಲ್ ಪಿಯರ್ಸ್. ನ್ಯೂಯಾರ್ಕಿನ ಹೆಸರಾಂತ ವಕೀಲರು, ನ್ಯಾಯಾಧೀಶರೂ ಆಗಿದ್ದವರು. ಪತ್ರಿಕಾ ಸ್ವಾತಂತ್ರ್ಯದ ಚರಿತ್ರೆಯಲ್ಲಿ ದೊಡ್ಡ ಹೆಸರಾದ, 1964ರಲ್ಲಿ ತೀರ್ಪಾದ ಸಲಿವನ್ ಮೊಕದ್ದಮೆಯಲ್ಲಿ ಅಲಬಾಮಾದ ಕಪ್ಪು ಪಾದ್ರಿಗಳ ಪರವಾಗಿ ಸುಪ್ರೀಂ ಕೋರ್ಟಿನಲ್ಲಿ ವಾದಿಸಿದವರಲ್ಲಿ ಒಬ್ಬರು. ಇಂಥ ಮನುಷ್ಯ ಮಂತ್ರಿಮಂಡಲದ ಏಕೈಕ ಕಪ್ಪು ಸದಸ್ಯ. ಅದೇ ಜೂನಿನಲ್ಲಿ ಊರೂರಿನ ಮೇಯರುಗಳಿಗೆ ಶ್ವೇತಭವನದಲ್ಲಿ ಸತ್ಕಾರ ನಡೆದಾಗ ಅಧ್ಯಕ್ಷರು ಪಿಯರ್ಸರ ಕೈ ಕುಲುಕಿ, ನಮಸ್ಕಾರ ಮೇಯರ್ ಅವರೇ, ತಮ್ಮ ಊರು ಹೇಗಿದೆ ಎಂದು ಕುಶಲ ಕೇಳಿದರಂತೆ! ತಮ್ಮದೇ ಮಂತ್ರಿಯ ಗುರುತು ಹತ್ತಲಿಲ್ಲ. ಈ ಕಥೆಗೆ ಎಲ್ಲರೂ ನಕ್ಕರು. ಆದರೆ ಅದರೊಳಗೆ ಒಂದು ಅರ್ಥವಿದೆ. ಅಧ್ಯಕ್ಷರಿಗೆ ಆ ಖಾತೆಯಲ್ಲೂ ನಗರಗಳಲ್ಲೂ ಆಸಕ್ತಿಯಿರಲಿಲ್ಲ. ಅದರ ಹಣವನ್ನು ವರ್ಷವರ್ಷವೂ ಕಡಿದರು. ಯಾರೂ ನೋಡದ ಖಾತೆಯನ್ನು ಮಾತು ಕಡಮೆಯ ಒಬ್ಬರ ಕೈಗೆ ಕೊಟ್ಟು ಎಂಟು ವರ್ಷ ಮರೆತರು. ಅವರ ಮಂತ್ರಿಗಳಲ್ಲಿ ಎಂಟು ವರ್ಷವೂ ಒಂದೇ ಖಾತೆಯಲ್ಲಿದ್ದವರು ಪಿಯರ್ಸರೊಬ್ಬರೇ. ಪತ್ರಿಕೆಗಳು ಅವರನ್ನು ಮೌನಿ ಸ್ಯಾಮ್ ಎನ್ನುತ್ತಿದ್ದವು.

ಖಾತೆಯಲ್ಲಿ ಉಳಿದಿದ್ದ ಯೋಜನೆಗಳಲ್ಲಿ ಹಳೆಯ ಮನೆಗಳ ಸಾಧಾರಣ ದುರಸ್ತಿಯದು ಒಂದು. ಮಾಲೀಕ ಮನೆ ದುರಸ್ತಿ ಮಾಡಿಸಿ ಬಡವರಿಗೆ ಬಾಡಿಗೆಗೆ ಕೊಟ್ಟರೆ ಬಾಡಿಗೆಯ ವ್ಯತ್ಯಾಸವನ್ನು ಹದಿನೈದು ವರ್ಷ ಸರ್ಕಾರ ತುಂಬಿಕೊಡುತ್ತಿತ್ತು. ಮಾಲೀಕನಿಗೆ ಇದು ಕಲ್ಪವೃಕ್ಷ. ಮೊದಲು ಈ ಹಣ ಅಗತ್ಯಕ್ಕೆ ತಕ್ಕಂತೆ ಸೂತ್ರದ ಮೇಲೆ ಪ್ರಾಂತಗಳಿಗೆ ಹಂಚಿಕೆಯಾಗುತ್ತಿತ್ತು. 1984ರ ಸುಮಾರಿಗೆ ಸೂತ್ರದ ಕಟ್ಟು ತಪ್ಪಿತು. ಯಾವ ಊರಿಗೆ ಎಷ್ಟು ಮನೆ ಎಂಬುದು ಕಾರ್ಯದರ್ಶಿಯ ಕಚೇರಿಯಲ್ಲಿ, ರಾಜಕೀಯವಾಗಿ ನೇಮಕಗೊಂಡ ಕೆಲವರ ಮೇಜಿನ ಮೇಲೆ ತೀರ್ಮಾನವಾಗತೊಡಗಿತು. ಅಲ್ಲಿಂದ ಮುಂದೆ ವಶೀಲಿಯ ಸುಗ್ಗಿ. ಪಕ್ಷದಲ್ಲಿ ಹೆಸರಿದ್ದವರು, ಖಾತೆಯ ಮಾಜಿ ಅಧಿಕಾರಿಗಳು, ಸಲಹೆಗಾರರೆಂಬ ಫಲಕ ತಗುಲಿಸಿಕೊಂಡು ಬಂದರು. ಹಿಂದೆ ಒಳಾಡಳಿತದ ಕಾರ್ಯದರ್ಶಿಯಾಗಿದ್ದ ಜೇಮ್ಸ್ ವಾಟರು ಮೇರಿಲ್ಯಾಂಡಿನ ಒಂದು ಕಾಮಗಾರಿಗಾಗಿ ಕೆಲವು ಸಲ ಫೋನು ಮಾಡಿ, ಪಿಯರ್ಸರನ್ನೊಮ್ಮೆ ಕಂಡು, 3,00,000 ಡಾಲರು ಪಡೆದರು. ಬಡವರ ಮನೆಗೆ ಸರ್ಕಾರ ಹಣ ಕೊಡುವುದೇ ತಪ್ಪೆಂದು ಸಾರುತ್ತಿದ್ದ ಪಂಗಡದವರು ಇವರೆಲ್ಲ ಎಂಬುದನ್ನು ಗಮನಿಸಬೇಕು.

1989ರ ಏಪ್ರಿಲಿನಲ್ಲಿ ಇನ್‌ಸ್ಪೆಕ್ಟರ್ ಜನರಲ್ ಪಾಲ್ ಆಡಮ್ಸರ ವರದಿ ಹೊರಬಿತ್ತು. ಅದಕ್ಕೆ ಮುಂಚಿನ ವರದಿಗಳಲ್ಲೂ ಸುಳಿವುಗಳಿದ್ದವು, ಓದುವವರಿರಲಿಲ್ಲ. ಈ ಸಲ ಪ್ರತಿನಿಧಿ ಸಭೆಯ ಟಾಮ್ ಲ್ಯಾಂಟೋಸರ ಉಪಸಮಿತಿ ಓದಿತು. ವಿಚಾರಣೆಗಳು ತಿಂಗಳುಗಟ್ಟಲೆ ನಡೆದವು. ಮೇ ತಿಂಗಳಲ್ಲಿ ಸಾಕ್ಷ್ಯ ಹೇಳಿದ ಪಿಯರ್ಸರು ಸೆಪ್ಟೆಂಬರಿನಲ್ಲಿ ಮತ್ತೆ ಕರೆದಾಗ ರಾಜ್ಯಾಂಗದ ಐದನೆಯ ತಿದ್ದುಪಡಿಯ ಆಶ್ರಯ ಪಡೆದು ಬಾಯಿಮುಚ್ಚಿದರು. ಜಪ್ತಿಯಾದ ಮನೆಗಳನ್ನು ಸರ್ಕಾರದ ಪರವಾಗಿ ಮಾರುತ್ತಿದ್ದ ಒಬ್ಬಾಕೆ ಐವತ್ತು ಲಕ್ಷ ಡಾಲರಿಗೂ ಮಿಕ್ಕಿ ತಾನೇ ಇಟ್ಟುಕೊಂಡದ್ದು ಇದೇ ಸಮಯದಲ್ಲಿ ಬಯಲಾಯಿತು. ಬಡವರಿಗೇ ಹಂಚಿದೆ ಎಂದು ಆಕೆ ಹೇಳಿಕೊಂಡಳು. ಖಾತೆಯ ಹ್ರಸ್ವನಾಮ ಹಡ್ ಎಂದಿದ್ದುದರಿಂದ ಪತ್ರಿಕೆಗಳು ಆಕೆಗೆ ರಾಬಿನ್ ಹಡ್ ಎಂದು ಹೆಸರಿಟ್ಟವು. 1990ರಲ್ಲಿ ನಿವೃತ್ತ ನ್ಯಾಯಾಧೀಶ ಆರ್ಲಿನ್ ಆಡಮ್ಸರು ಸ್ವತಂತ್ರ ತನಿಖಾ ವಕೀಲರಾದರು. ಅವರ ಕಚೇರಿಯ ತನಿಖೆ ಎಂಟು ವರ್ಷ ನಡೆಯಿತು. ಹದಿನೇಳು ಮಂದಿಗೆ ಅಪರಾಧ ನಿರ್ಣಯವಾಯಿತು. ವಾಟರು 1996ರಲ್ಲಿ ಒಂದು ಸಣ್ಣ ಅಪರಾಧವನ್ನು ಒಪ್ಪಿಕೊಂಡು 5,000 ಡಾಲರು ದಂಡ ಕಟ್ಟಿದರು. ಪಿಯರ್ಸರ ಮೇಲೆ ಮೊಕದ್ದಮೆ ಹೂಡಲಿಲ್ಲ. ತಮ್ಮ ನಡವಳಿಕೆಯಿಂದ ಅಕ್ರಮಕ್ಕೆ ಅನುಕೂಲವಾದ ವಾತಾವರಣ ಉಂಟಾಯಿತೆಂದು ಅವರು 1995ರಲ್ಲಿ ಬರಹದಲ್ಲಿ ಒಪ್ಪಿಕೊಂಡರು.

ಈ ಹಗರಣದಿಂದ ಕೆಲವರು ತೆಗೆದ ತಾತ್ಪರ್ಯ ವಿಚಿತ್ರವಾದದ್ದು: ಬಣ್ಣ ನೋಡಿ ನೇಮಿಸಿದರೆ ಹೀಗೇ ಆಗುತ್ತದೆ ಎಂದು. ಹಣ ಹೊತ್ತವರ ಪಟ್ಟಿ ನೋಡಿದರೆ ಈ ಮಾತು ನಿಲ್ಲುವುದಿಲ್ಲ; ಅದರಲ್ಲಿದ್ದವರು ಬಹುಮಟ್ಟಿಗೆ ಬಿಳಿಯರು, ಬಲ್ಲಿದರು, ಪಕ್ಷದ ಬಂಧುಗಳು. ಆದರೆ ತಮ್ಮ ಜನಾಂಗದವರೊಬ್ಬರು ಮೇಲಿದ್ದಾರೆಂಬ ಸಮಾಧಾನದಿಂದ ನಗರಗಳ ಬಡವರಿಗೆ ಏನಾದರೂ ದಕ್ಕಿತೇ ಎಂದರೆ, ಅದೂ ಇಲ್ಲ. ಸೂತ್ರ ಹೋಗಿ ಮೇಜು ಬಂದದ್ದೇ ಮೂಲ. 1989ರ ಕೊನೆಯಲ್ಲಿ ಬಂದ ಸುಧಾರಣಾ ಶಾಸನ ಈ ಮೂಲಕ್ಕೇ ಕೈ ಹಾಕಿತು. ಹಣ ಎಷ್ಟಿದೆ, ಯಾವ ಆಧಾರದ ಮೇಲೆ ಕೊಡುತ್ತೇವೆ ಎಂಬುದನ್ನು ಮುಂಚಿತವಾಗಿ ಪ್ರಕಟಿಸಬೇಕು. ಸ್ಪರ್ಧೆಯ ಮೇಲೆ ಹಂಚಬೇಕು. ಶಿಫಾರಸಿಗೆ ಬರುವ ಸಲಹೆಗಾರರು ತಾವು ಪಡೆವ ಹಣವನ್ನು ಬಯಲುಪಡಿಸಬೇಕು.

ಆಮೇಲಿನ ವರ್ಷಗಳಲ್ಲಿಯೂ ಈ ಖಾತೆಯ ಕುರ್ಚಿಗೆ ಕಪ್ಪು ಜನಾಂಗದವರೇ ಮತ್ತೆ ಮತ್ತೆ ಬಂದಿದ್ದಾರೆ. ಅದು ಗೌರವವೋ ಮೂಲೆಯೋ ಎಂಬ ಸಂದೇಹವೂ ಜೊತೆಗೇ ಬಂದಿದೆ. ಓಹಾಯೋದ ಪ್ರತಿನಿಧಿ ಮಾರ್ಸಿಯಾ ಫಜ್ ಅವರು 2020ರಲ್ಲಿ ಕೃಷಿ ಖಾತೆ ಬಯಸಿದ್ದರು. ಕಪ್ಪು ಜನರನ್ನು ಸದಾ ಕಾರ್ಮಿಕ ಖಾತೆಗೋ ವಸತಿ ಖಾತೆಗೋ ಹಾಕುವ ವಾಡಿಕೆಯ ಬಗ್ಗೆ ಬಹಿರಂಗವಾಗಿಯೇ ದೂರಿದರು. ಅವರಿಗೆ 2021ರಲ್ಲಿ ಸಿಕ್ಕಿದ್ದು ವಸತಿ ಖಾತೆ. ಅವರಿಗೆ ಹಿಂದಿನವರು ಪ್ರಸಿದ್ಧ ಶಸ್ತ್ರವೈದ್ಯ ಬೆನ್ ಕಾರ್ಸನ್. ಅವರ ಕಾಲದ ದೊಡ್ಡ ಗಲಭೆ ಒಂದು ಊಟದ ಮೇಜಿನದು. ಕಚೇರಿಗೆಂದು 31,000 ಡಾಲರಿನ ಮೇಜು ಕುರ್ಚಿಗಳಿಗೆ ಬೇಡಿಕೆ ಹೋಗಿತ್ತು. 5,000ಕ್ಕೆ ಮೀರಿದರೆ ಶಾಸನಸಭೆಗೆ ಮೊದಲೇ ತಿಳಿಸಬೇಕೆಂಬುದು ನಿಯಮ. ಸುದ್ದಿ ಹೊರಬಿದ್ದೊಡನೆ ಬೇಡಿಕೆ ರದ್ದಾಯಿತು. ಕಾರ್ಸನ್ನರ ತಪ್ಪಿಗೆ ಸಾಕ್ಷ್ಯವಿಲ್ಲವೆಂದು ಇನ್‌ಸ್ಪೆಕ್ಟರ್ ಜನರಲ್ ಹೇಳಿದರು, ಖಾತೆ ಹಣಕಾಸಿನ ಕಾನೂನನ್ನು ಮೀರಿದೆಯೆಂದು ಶಾಸನಸಭೆಯ ಲೆಕ್ಕತಪಾಸಣೆಯ ಕಚೇರಿ ಹೇಳಿತು, ಎರಡೂ 2019ರಲ್ಲಿ. ಊಟದ ಮೇಜಿನ ಬೆಲೆ ಎಲ್ಲರಿಗೂ ಅರ್ಥವಾಗುತ್ತದೆ. ಹದಿನೈದು ವರ್ಷದ ಬಾಡಿಗೆಯ ವ್ಯತ್ಯಾಸ ಅರ್ಥವಾಗಲು ಯಾರಾದರೂ ಕುಳಿತು ಕೂಡಿಸಬೇಕು.

2025ರ ಜನವರಿ 24ರಂದು ಅಧ್ಯಕ್ಷರು ಹಲವು ಖಾತೆಗಳ ಇನ್‌ಸ್ಪೆಕ್ಟರ್ ಜನರಲ್‌ಗಳನ್ನು ಒಂದೇ ರಾತ್ರಿ ವಜಾ ಮಾಡಿದರು. ಮೂವತ್ತು ದಿನ ಮುಂಚೆ ಕಾರಣ ಕೊಟ್ಟು ಶಾಸನಸಭೆಗೆ ತಿಳಿಸಬೇಕೆಂಬ ಕಾನೂನನ್ನು ಪಾಲಿಸಿರಲಿಲ್ಲ. ವಸತಿ ಖಾತೆಯ ತನಿಖಾಧಿಕಾರಿಯೂ ಅವರಲ್ಲಿ ಒಬ್ಬರು.

ವೀವರರು 1997ರಲ್ಲಿ ತೀರಿಕೊಂಡರು. ವಾಷಿಂಗ್ಟನ್ನಿನಲ್ಲಿ 1968ರಲ್ಲಿ ಮುಗಿದ ಖಾತೆಯ ದೊಡ್ಡ ಕಾಂಕ್ರೀಟ್ ಕಟ್ಟಡಕ್ಕೆ 2000ದಲ್ಲಿ ಅವರ ಹೆಸರಿಟ್ಟರು. 2025ರಲ್ಲಿ ಆ ಕಟ್ಟಡ ವಿಲೇವಾರಿಯ ಪಟ್ಟಿ ಸೇರಿತು. ಖಾತೆಯ ಕಚೇರಿಯನ್ನು ನದಿಯಾಚೆ ವರ್ಜೀನಿಯಾದ ಅಲೆಗ್ಜಾಂಡ್ರಿಯಾಕ್ಕೆ ಸಾಗಿಸುವುದಾಗಿ ಅದೇ ಜೂನಿನಲ್ಲಿ ಪ್ರಕಟಣೆ ಹೊರಟಿತು.